ಒಲೆಯಿಂದ ತಟ್ಟೆಗೆ ಎಷ್ಟು ಗಂಟೆ? ಕುಟುಂಬದ ಪಿಕ್‌ನಿಕ್‌ಗೆ ಹಂತ ಹಂತದ ಸಿದ್ಧತೆ

‘ಪಿಕ್‌ನಿಕ್‌ಗೆ ಏನೇನು ಕಟ್ಟಿಕೊಂಡು ಹೋಗಬೇಕು, ಒಂದು ಪಟ್ಟಿ ಕೊಡಿ’ ಎಂದು ಕೇಳುವ ಓದುಗರು ಬಹಳ. ಪಟ್ಟಿ ಕೊಡುವುದೇನೂ ಕಷ್ಟವಿಲ್ಲ. ಆದರೆ ಬೇರೆಯವರ ಪಟ್ಟಿ ನೋಡಿ ಕಟ್ಟಿದ ಗಂಟು ಒಂದೋ ಹೊರಲಾರದಷ್ಟು ಭಾರವಾಗುತ್ತದೆ, ಇಲ್ಲವೇ ಚಾಕು, ಉಪ್ಪು, ಕೈತೊಳೆಯುವ ನೀರಿನಂಥ ಸಣ್ಣದೊಂದು ಸಾಮಾನು ಮನೆಯಲ್ಲೇ ಉಳಿದು ಎಲ್ಲರನ್ನೂ ಪೇಚಿಗೆ ಸಿಲುಕಿಸುತ್ತದೆ. ಆದ್ದರಿಂದ ಪಟ್ಟಿಗೆ ಕೈಹಾಕುವ ಮೊದಲು ಎರಡು ಲೆಕ್ಕ ಮಾಡಿಕೊಳ್ಳಿ.

ವಾಹನ ನಿಲ್ಲಿಸುವ ಜಾಗದಿಂದ ಚಾಪೆ ಹಾಸುವ ಜಾಗಕ್ಕೆ ಎಷ್ಟು ದೂರ ಹೊರಬೇಕು ಎಂಬುದು ಮೊದಲನೆಯದು. ಒಲೆ ಆರಿಸಿದ ಹೊತ್ತಿನಿಂದ ಕೊನೆಯವರು ಕೈತೊಳೆಯುವ ಹೊತ್ತಿನವರೆಗೆ ಎಷ್ಟು ಗಂಟೆ ಎಂಬುದು ಎರಡನೆಯದು. ಯಾವ ಅಡುಗೆ, ಎಂಥ ಡಬ್ಬಿ, ಎಷ್ಟು ಚೀಲ ಎಂಬುದೆಲ್ಲ ಈ ಎರಡು ಅಂಕಿಗಳಿಂದಲೇ ತೀರ್ಮಾನವಾಗುತ್ತದೆ. ಹೆಚ್ಚಿನವರು ಅಡುಗೆಯಿಂದ ಶುರುಮಾಡಿ ಜಾಗಕ್ಕೆ ಬರುತ್ತಾರೆ. ನೀವು ಜಾಗದಿಂದ ಶುರುಮಾಡಿ ಅಡುಗೆಗೆ ಬನ್ನಿ.

ಹಂತ 1: ಜಾಗ ಗೊತ್ತುಮಾಡುವುದು

ಗುಂಪಿನಲ್ಲಿ ಅತಿ ಕಡಿಮೆ ನಡೆಯಬಲ್ಲವರು ಯಾರು ಎಂದು ನೋಡಿ. ಮಂಡಿನೋವಿನ ಅಜ್ಜಿ ಇರಬಹುದು, ಎರಡು ವರ್ಷದ ಮಗು ಇರಬಹುದು. ಅವರಿಗೆ ಒಗ್ಗುವ ದೂರವೇ ಇಡೀ ಗುಂಪಿನ ದೂರ. ‘ನೋಟ ಚೆನ್ನಾಗಿದೆ, ಸ್ವಲ್ಪ ಹತ್ತಬೇಕು ಅಷ್ಟೆ’ ಎಂದು ಯಾರಾದರೂ ಹೇಳಿದರೆ, ಆ ‘ಸ್ವಲ್ಪ’ ಎಷ್ಟು ನಿಮಿಷ ಎಂದು ಬಿಡಿಸಿ ಕೇಳಿ.

ಹೋಗುವ ಮೊದಲೇ ಫೋನ್ ಮಾಡಿಯೋ ಹೋಗಿ ಬಂದವರನ್ನು ವಿಚಾರಿಸಿಯೋ ತಿಳಿದುಕೊಳ್ಳಬೇಕಾದವು ಇವು: ಶೌಚಾಲಯ ಇದೆಯೇ, ಆ ದಿನ ತೆರೆದಿರುತ್ತದೆಯೇ, ಕುಡಿಯುವ ನೀರು ಸಿಗುತ್ತದೆಯೇ, ಹೊರಗಿನ ತಿಂಡಿ ಒಳಗೆ ಬಿಡುತ್ತಾರೆಯೇ, ಬೆಂಕಿ ಹಚ್ಚಲು ಅನುಮತಿ ಇದೆಯೇ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮೊಬೈಲ್ ಸಂಕೇತ ಸಿಗುತ್ತದೆಯೇ. ಇವುಗಳಲ್ಲಿ ಶೌಚಾಲಯದ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡುವವರೇ ಹೆಚ್ಚು. ಅದಿಲ್ಲದ ಜಾಗದಲ್ಲಿ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ಅದು ತಲೆನೋವಿಗೂ ಸುಸ್ತಿಗೂ ನೇರ ದಾರಿ.

ನೆರಳಿನ ವಿಷಯದಲ್ಲಿ ಒಂದು ಮಾತು. ಬೆಳಿಗ್ಗೆ ಮರದ ಪಶ್ಚಿಮಕ್ಕೆ ಬೀಳುವ ನೆರಳು ಮಧ್ಯಾಹ್ನ ಕಳೆದಂತೆ ಪೂರ್ವಕ್ಕೆ ಜರುಗುತ್ತದೆ. ಹತ್ತು ಗಂಟೆಯ ನೆರಳು ನೋಡಿ ಚಾಪೆ ಹಾಸಿದವರು ಎರಡು ಗಂಟೆಗೆ ತಟ್ಟೆ ಸಮೇತ ಎದ್ದು ಸರಿಯಬೇಕಾಗುತ್ತದೆ. ಊಟ ಮುಗಿಸಿ ಮಲಗುವ ಯೋಚನೆಯಿದ್ದರೆ ಮೊದಲೇ ಮರದ ಪೂರ್ವದ ಬದಿಯನ್ನು ಹಿಡಿದುಕೊಳ್ಳಿ.

ಮಳೆ ಬಂದರೆ ಎಲ್ಲಿಗೆ ಎಂಬುದನ್ನೂ ಈಗಲೇ ನಿರ್ಧರಿಸಿ. ಸೂರಿರುವ ಇನ್ನೊಂದು ಜಾಗವಾದರೂ ಸರಿ, ಮುಂದಿನ ವಾರಕ್ಕೆ ಮುಂದೂಡುವ ಒಪ್ಪಂದವಾದರೂ ಸರಿ. ಮಕ್ಕಳು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುವಾಗ ಈ ಚರ್ಚೆ ಸುಸೂತ್ರವಾಗಿ ನಡೆಯುವುದಿಲ್ಲ.

ಹಂತ 2: ಗಡಿಯಾರವನ್ನು ಹಿಂದಕ್ಕೆ ಎಣಿಸುವುದು

ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ಗಂಟೆಗೆ ಊಟ ಎಂದಿಟ್ಟುಕೊಳ್ಳೋಣ. ಅಲ್ಲಿ ಇಳಿದು, ನಡೆದು, ಹಾಸಿ, ಕೈಕಾಲು ತೊಳೆಯಲು ಮುಕ್ಕಾಲು ಗಂಟೆ. ಪ್ರಯಾಣ ಒಂದೂವರೆ ಗಂಟೆ. ಮನೆಯಿಂದ ಸಾಮಾನು ಹೊರಗೆ ಸಾಗಿಸಿ ವಾಹನ ಹತ್ತಲು ಅರ್ಧ ಗಂಟೆ. ಇದನ್ನು ಹತ್ತು ನಿಮಿಷವೆಂದು ಹಿಡಿಯುವವರು ಆಶಾವಾದಿಗಳು. ಅಲ್ಲಿಗೆ ಹತ್ತೂಕಾಲಿಗೆ ಡಬ್ಬಿಗಳ ಮುಚ್ಚಳ ಬಿದ್ದಿರಬೇಕು. ಒಂಬತ್ತೂವರೆಗೆ ಒಲೆ ಆರಿಸಿದ್ದರೆ, ಎರಡನೆಯ ಬಾರಿ ಬಡಿಸಿ ಎಲ್ಲರೂ ಏಳುವಷ್ಟರಲ್ಲಿ ಎರಡು ಗಂಟೆ. ಒಲೆಯಿಂದ ತಟ್ಟೆಗೆ ನಾಲ್ಕೂವರೆ ಗಂಟೆ!

ಇದೇಕೆ ಮುಖ್ಯ? ಬೇಯಿಸಿದ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಇರಬೇಕು, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿರಬೇಕು. ನಡುವಿನದನ್ನು ‘ಅಪಾಯದ ವಲಯ’ ಎನ್ನುತ್ತಾರೆ, ಅಂದರೆ ರೋಗ ತರುವ ಬ್ಯಾಕ್ಟೀರಿಯಾಗಳು ಬೇಗ ಬೇಗ ಹೆಚ್ಚುವ ಉಷ್ಣತೆ. ಬೇಯಿಸಿದ್ದನ್ನು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊರಗಿನ ಬಿಸಿ 32 ಡಿಗ್ರಿ ದಾಟಿದ ದಿನ ಆ ಎರಡನ್ನು ಒಂದು ಗಂಟೆ ಎಂದು ಓದಿಕೊಳ್ಳಿ. ಉಗುರುಬೆಚ್ಚಗಿನ ಡಬ್ಬಿಯೊಂದು ಬಿಸಿಲಲ್ಲಿ ನಿಂತ ವಾಹನದೊಳಗೆ ಕುಳಿತಿದೆ ಎಂದರೆ ಆ ವಲಯದ ನಟ್ಟನಡುವೆಯೇ ಇದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ತಿದ್ದಬೇಕು. ‘ಮೂಸಿ ನೋಡಿದೆ, ಕೆಟ್ಟಿಲ್ಲ’ ಎಂಬುದು ಒಂದು. ಹಳಸಿದ ವಾಸನೆ ತರುವ ಸೂಕ್ಷ್ಮಜೀವಿಗಳೂ ವಾಂತಿಭೇದಿ ತರುವವೂ ಒಂದೇ ಅಲ್ಲ. ವಾಸನೆ ಬಾರದೆಯೂ ಆಹಾರ ಕಾಯಿಲೆ ತರಬಲ್ಲದು. ‘ಅಲ್ಲಿ ಹೋಗಿ ಇನ್ನೊಮ್ಮೆ ಬಿಸಿಮಾಡಿದರಾಯಿತು’ ಎಂಬುದು ಇನ್ನೊಂದು. ಅನ್ನವನ್ನೇ ನೋಡಿ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಅವು ಮೊಳೆತು, ಬೆಳೆದು, ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಆ ವಿಷ ಕಾಯಿಸಿದರೂ ಹೋಗುವುದಿಲ್ಲ.

ಆದ್ದರಿಂದ ನಿಮ್ಮ ಅಂಕಿ ಎರಡು ಗಂಟೆಯೊಳಗಿದ್ದರೆ ಇಷ್ಟಬಂದ ಅಡುಗೆ ಮಾಡಿ. ಅದಕ್ಕಿಂತ ಹೆಚ್ಚಿದ್ದರೆ ದಾರಿ ಮೂರೇ: ಬಿಸಿಯನ್ನು ಬಿಸಿಯಾಗಿಯೇ ಉಳಿಸುವುದು, ಮೊದಲೇ ತಣ್ಣಗೆ ಮಾಡಿ ತಣ್ಣಗೆ ಒಯ್ಯುವುದು, ಕೆಡದ್ದನ್ನೇ ಆರಿಸುವುದು.

ಹಂತ 3: ಅಡುಗೆಯ ಆಯ್ಕೆ

ನನ್ನನ್ನು ಕೇಳಿದರೆ ಮೂರನೆಯ ದಾರಿಯಲ್ಲಿ ಹೆಚ್ಚು ನಡೆದು, ಎರಡನೆಯದರಲ್ಲಿ ಸ್ವಲ್ಪ ನಡೆದು, ಮೊದಲನೆಯದಕ್ಕೆ ಒಂದೇ ಒಂದು ಪದಾರ್ಥವನ್ನು ಬಿಡುವುದು ಒಳ್ಳೆಯದು. ಬಿಸಿ ಪದಾರ್ಥ ಮೂರು ನಾಲ್ಕಾದರೆ ಡಬ್ಬಿಗಳ ಭಾರವೇ ಊಟದ ಭಾರವನ್ನು ಮೀರುತ್ತದೆ. ಜೊತೆಗೆ ಅಡುಗೆ ಮಾಡುವವರಿಗೆ ರಜೆಯೆಂಬುದೇ ಇರುವುದಿಲ್ಲ.

ಕೆಡದ್ದು ಎಂದರೆ ಇಡೀ ಹಣ್ಣು, ಬ್ರೆಡ್, ಒಣ ರೊಟ್ಟಿ, ಹುರಿದ ಕಾಳುಬೀಜ, ಬಿಸ್ಕತ್ತು, ಒಣಹಣ್ಣು, ಉಪ್ಪಿನಕಾಯಿಯಂಥವು. ತಣ್ಣಗೇ ಇರಬೇಕಾದವು ಹಾಲು, ಮೊಸರು, ಗಿಣ್ಣು, ಬೇಯಿಸಿದ ಮೊಟ್ಟೆ, ಮಾಂಸ, ಮೀನು, ಅನ್ನ, ಹೆಚ್ಚಿದ ಹಣ್ಣು. ಹೆಚ್ಚಿದ ಹಣ್ಣು ಈ ಸಾಲಿಗೆ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಸಿಪ್ಪೆಯೇ ಹಣ್ಣಿನ ಕಾವಲು, ಚಾಕು ತಾಗಿದೊಡನೆ ಕಾವಲು ಮುಗಿಯಿತು. ಸಾಧ್ಯವಾದರೆ ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚಿ.

ಪದಾರ್ಥ ಆರಿಸುವಾಗ ಒಂದು ಪರೀಕ್ಷೆ ಮಾಡಿ: ನೆಲದ ಮೇಲೆ ಕುಳಿತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಗಾಳಿ ಬೀಸುವಾಗ ತಿನ್ನಬಹುದೇ? ಸಾರಿನಂತೆ ಹರಿಯುವುದು, ಎರಡು ಕೈ ಬೇಡುವುದು, ಪುಡಿ ಉದುರುವುದು ಇಲ್ಲಿ ಸೋಲುತ್ತವೆ.

ಹಸಿ ತರಕಾರಿಗೆ ಉಪ್ಪನ್ನು ಮನೆಯಲ್ಲೇ ಬೆರೆಸಬೇಡಿ. ಉಪ್ಪು ತರಕಾರಿಯೊಳಗಿನ ನೀರನ್ನು ಎಳೆದು, ಹೊತ್ತಾಗುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಕೆರೆಯನ್ನೇ ನಿಲ್ಲಿಸುತ್ತದೆ. ಉಪ್ಪು, ನಿಂಬೆ ಬೇರೆಯಾಗಿರಲಿ. ಹಾಗೆಯೇ ಬ್ರೆಡ್ಡಿನ ನಡುವಿನ ಹೂರಣವನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲಿ ಹಚ್ಚಿಕೊಳ್ಳಿ. ಮಕ್ಕಳಿಗೆ ಅದೊಂದು ಕೆಲಸವೂ ಆಗುತ್ತದೆ.

ಐದು ವರ್ಷದೊಳಗಿನ ಮಕ್ಕಳಿದ್ದರೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡಿ. ಇಡೀ ಕಡಲೆಬೀಜ, ಬಾದಾಮಿ ಕೊಡಬೇಡಿ. ಓಡುತ್ತಾ ಆಡುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಮನೆಗಿಂತ ಹೊರಗೆ ಹೆಚ್ಚು. ಬೇರೆ ಕುಟುಂಬದವರೂ ಬರುವುದಾದರೆ ಯಾರಿಗೆ ಯಾವುದು ಒಗ್ಗುವುದಿಲ್ಲ ಎಂದು ಕೇಳಿಟ್ಟುಕೊಳ್ಳಿ.

ಹಂತ 4: ತಂಪು ಪೆಟ್ಟಿಗೆ, ಬಿಸಿ ಡಬ್ಬಿ, ನೀರು

ಅತಿ ಹೆಚ್ಚು ಪ್ರಶ್ನೆಗಳು ಬರುವುದು ತಂಪು ಪೆಟ್ಟಿಗೆಯ ಬಗ್ಗೆ. ಗೋಡೆಯೊಳಗೆ ಶಾಖ ತಡೆಯುವ ಪದರವಿರುವ, ಕೂಲರ್ ಎಂದೂ ಕರೆಯುವ ಪೆಟ್ಟಿಗೆ ಇದು. ಅದು ಏನನ್ನೂ ತಣ್ಣಗೆ ಮಾಡುವುದಿಲ್ಲ, ಒಳಗಿರುವ ತಂಪು ಹೊರಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೆ. ಬೆಚ್ಚಗಿನ ಡಬ್ಬಿಯನ್ನು ಒಳಗಿಟ್ಟರೆ ಅದು ಮಂಜುಗಡ್ಡೆಯನ್ನು ಕರಗಿಸಿ, ಪಕ್ಕದ ಮೊಸರನ್ನೂ ಬೆಚ್ಚಗೆ ಮಾಡುತ್ತದೆ. ಒಳಗೆ ಹೋಗುವುದೆಲ್ಲ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ತಣ್ಣಗಾಗಿರಬೇಕು. ಬೇಯಿಸಿದ್ದನ್ನು ಆಳವಿಲ್ಲದ ಅಗಲ ಪಾತ್ರೆಯಲ್ಲಿ ಹರಡಿದರೆ ಬೇಗ ತಣಿಯುತ್ತದೆ. ಖಾಲಿ ಪೆಟ್ಟಿಗೆಯೊಳಗೂ ರಾತ್ರಿ ಸ್ವಲ್ಪ ಮಂಜುಗಡ್ಡೆ ಹಾಕಿ ಮುಚ್ಚಿಡಿ, ಗೋಡೆಗಳು ತಣ್ಣಗಾಗಲಿ.

ಮಂಜುಗಡ್ಡೆಗೆ ದುಡ್ಡು ಕೊಡುವ ಅಗತ್ಯವಿಲ್ಲ. ಕುಡಿಯುವ ನೀರಿನ ಬಾಟಲಿಗಳನ್ನೇ ಗಟ್ಟಿಯಾಗಿಸಿ. ದಾರಿಯಲ್ಲಿ ಐಸು, ಸಂಜೆಗೆ ತಣ್ಣೀರು. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಬಾಟಲಿ ಸೀಳುತ್ತದೆ. ಗಾಜಿನದಂತೂ ಬೇಡವೇ ಬೇಡ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಸಣ್ಣ ತುಂಡುಗಳು ಬೇಗ ತಣಿಸಿ ಬೇಗ ಕರಗುತ್ತವೆ. ದಿನವಿಡೀ ಇರಬೇಕಾದರೆ ದೊಡ್ಡದೇ ಮೇಲು.

ತುಂಬುವ ಕ್ರಮ ಹೀಗಿರಲಿ. ಕೊನೆಗೆ ತಿನ್ನುವುದು ತಳಕ್ಕೆ, ಮೊದಲು ತಿನ್ನುವುದು ಮೇಲಕ್ಕೆ. ಹಸಿ ಮಾಂಸ ಒಯ್ಯುವುದಾದರೆ ಸೋರದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗೆ. ಅದರ ರಸ ಬೇರೆ ತಿಂಡಿಯ ಮೇಲೆ ತೊಟ್ಟಿಕ್ಕುವುದನ್ನೇ ಅಡ್ಡ ಸೋಂಕು ಎನ್ನುವುದು. ಬೇಯದೆ ತಿನ್ನುವ ತರಕಾರಿ ಇರುವ ಪೆಟ್ಟಿಗೆಯಿಂದ ಅದನ್ನು ದೂರವೇ ಇಟ್ಟರೆ ಇನ್ನೂ ಒಳ್ಳೆಯದು. ತಣ್ಣನೆಯ ಗಾಳಿ ಕೆಳಕ್ಕೆ ಇಳಿಯುವುದರಿಂದ ಐಸಿನ ಬಾಟಲಿ ತಳದಲ್ಲಿ ಮಾತ್ರವಲ್ಲದೆ ಮೇಲೂ ಒಂದೆರಡು ಇರಬೇಕು. ಖಾಲಿ ಜಾಗ ಉಳಿದರೆ ಬಟ್ಟೆ ತುರುಕಿ. ತುಂಬಿದ ಪೆಟ್ಟಿಗೆ ಅರೆತುಂಬಿದ್ದಕ್ಕಿಂತ ಹೆಚ್ಚು ಹೊತ್ತು ತಂಪಾಗಿರುತ್ತದೆ.

ಸಾಮಾನ್ಯ ಎಡವಟ್ಟು: ಪಾನೀಯವನ್ನೂ ಊಟವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದು. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯುತ್ತಾರೆ, ತಂಪೆಲ್ಲ ಹೋಗುತ್ತದೆ. ಪಾನೀಯಕ್ಕೆ ಬೇರೆ ಚೀಲವಿರಲಿ. ಊಟದ ಪೆಟ್ಟಿಗೆಯ ಮುಚ್ಚಳಕ್ಕೆ ಊಟದ ಹೊತ್ತಿನವರೆಗೆ ರಜೆ.

ಬಿಸಿ ಪದಾರ್ಥಕ್ಕೆ ನಿರ್ವಾತ ಪಾತ್ರೆ, ಅಂದರೆ ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುವ ಫ್ಲಾಸ್ಕಿನ ಜಾತಿಯದು, ಸಾಮಾನ್ಯ ಕ್ಯಾಸರೋಲ್‌ಗಿಂತ ಬಹಳ ಹೊತ್ತು ಬಿಸಿ ಹಿಡಿದಿಡುತ್ತದೆ. ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಚೆಲ್ಲಿ, ಹಬೆಯಾಡುತ್ತಿರುವ ಅಡುಗೆಯನ್ನು ಬಾಯಿಯವರೆಗೆ ತುಂಬಿ. ಬಡಿಸುವಾಗ ಹಬೆ ಏಳದೆ ಬರೀ ಬೆಚ್ಚಗೆ ಅನ್ನಿಸಿದರೆ, ಅಪಾಯದ ವಲಯಕ್ಕೆ ಇಳಿದು ಎಷ್ಟು ಹೊತ್ತಾಯಿತೋ ಹೇಳಲಾಗದು. ಮಕ್ಕಳಿಗೂ ವಯಸ್ಸಾದವರಿಗೂ ಬಡಿಸಬೇಡಿ.

ಇನ್ನು ನೀರು. ಬಿಸಿಲಿನ ದಿನ, ಅರ್ಧ ದಿನದ ಪಿಕ್‌ನಿಕ್‌ಗೆ ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ಒಂದು ಎಂದು ಹಿಡಿಯಿರಿ. ಕೈತೊಳೆಯಲು, ಹಣ್ಣು ತೊಳೆಯಲು, ಗಾಯ ತೊಳೆಯಲು ಬೇರೆ ಕ್ಯಾನಿನಲ್ಲಿ ಐದು ಲೀಟರ್. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಮೂವರು ದೊಡ್ಡವರು, ಇಬ್ಬರು ಮಕ್ಕಳಿಗೆ ನೀರೇ ಹದಿಮೂರು ಕಿಲೋ! ಮೊದಲು ಹಾಕಿದ ದೂರದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ನಡಿಗೆ ಹತ್ತು ನಿಮಿಷ ಮೀರಿದರೆ ಅಲ್ಲಿ ನೀರು ಸಿಗುವ ಜಾಗವನ್ನೇ ಆರಿಸಿ, ಇಲ್ಲವೇ ಬೇರೆ ಸಾಮಾನನ್ನು ನಿರ್ದಯವಾಗಿ ಇಳಿಸಿ. ನೀರನ್ನು ಮಾತ್ರ ಇಳಿಸಬೇಡಿ.

ಸ್ಯಾನಿಟೈಸರ್ ಇದ್ದರೆ ನೀರು ಬೇಡವಲ್ಲ ಎನ್ನುವವರಿಗೆ: ಶೇಕಡಾ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ದ್ರವ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಮಣ್ಣು, ಜಿಡ್ಡು ಮೆತ್ತಿದ ಕೈಯ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಪಿಕ್‌ನಿಕ್‌ನಲ್ಲಿ ಮಕ್ಕಳ ಕೈಗೆ ಮೆತ್ತಿರುವುದು ಅವೆರಡೇ.

ಹಂತ 5: ಚೀಲಗಳನ್ನು ವಿಂಗಡಿಸುವುದು

ಸಾಮಾನನ್ನು ಜಾತಿವಾರು ಕಟ್ಟಬೇಡಿ, ಬಳಸುವ ಹೊತ್ತಿಗೆ ತಕ್ಕಂತೆ ಕಟ್ಟಿ.

ಮೊದಲ ಚೀಲ ಇಳಿದ ಕೂಡಲೇ ತೆರೆಯುವಂಥದ್ದು: ನೆಲಕ್ಕೆ ಹಾಸುವ ತಾಡಪಾಲು, ಅದರ ಮೇಲೆ ಜಮಖಾನ, ಸೋಪು, ಕೈಒರೆಸುವ ಬಟ್ಟೆ, ಒಂದು ಡಬ್ಬಿ ಕುರುಕಲು. ಕೆಳಗೆ ತಾಡಪಾಲು ಇಲ್ಲದಿದ್ದರೆ ಮಣ್ಣಿನ ತೇವ ಅರ್ಧ ಗಂಟೆಯಲ್ಲಿ ಜಮಖಾನವನ್ನು ದಾಟಿ ಬರುತ್ತದೆ. ಕುರುಕಲು ಹಸಿದ ಮಕ್ಕಳಿಗೆ. ಅದು ಕೈಗೆ ಸಿಗದಿದ್ದರೆ ಊಟದ ಪೆಟ್ಟಿಗೆಗೆ ದಾಳಿಯಾಗುತ್ತದೆ.

ಎರಡನೆಯದು ಊಟದ ಚೀಲ: ತಟ್ಟೆ, ಲೋಟ, ಸೌಟು, ಚಾಕು, ಹೆಚ್ಚುವ ಮಣೆ, ಉಪ್ಪು, ಬಾಟಲಿ ತೆರೆಯುವ ಸಾಧನ, ಹಳೆ ಬಟ್ಟೆ ಎರಡು ಮೂರು. ಪ್ರತಿ ಡಬ್ಬಿಗೂ ಅದರದೇ ಚಮಚವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಡಿ. ಚಾಕುವಿಗೆ ದಪ್ಪ ಬಟ್ಟೆ ಸುತ್ತಿ. ಬಳಸಿ ಬಿಸಾಡುವ ತಟ್ಟೆಗಿಂತ ಹಗುರ ಸ್ಟೀಲಿನ ತಟ್ಟೆ ಗಾಳಿಗೆ ಹಾರುವುದಿಲ್ಲ, ಕಸದ ಚೀಲವನ್ನೂ ಉಬ್ಬಿಸುವುದಿಲ್ಲ.

ಮೂರನೆಯದು ಬಟ್ಟೆ, ಆಟಿಕೆ: ಮಕ್ಕಳಿಗೆ ತಲಾ ಒಂದು ಜೊತೆ ಬಟ್ಟೆ, ದೊಡ್ಡವರಿಗೂ ಒಂದೊಂದು ಜೊತೆ ಕಾಲುಚೀಲ, ಟವೆಲ್, ಟೋಪಿ, ಚೆಂಡು. ನೀರಿನ ಹತ್ತಿರ ಹೋಗದಿದ್ದರೂ ಮಕ್ಕಳು ನೆನೆಯುವ ಉಪಾಯ ಹುಡುಕುತ್ತಾರೆ.

ನಾಲ್ಕನೆಯದು ತುರ್ತು ಚೀಲ. ಇದು ಚಿಕ್ಕದಿರಬೇಕು, ಒಬ್ಬರದೇ ಹೆಗಲ ಮೇಲಿರಬೇಕು, ವಾಹನದಲ್ಲಿ ಬಿಟ್ಟು ಹೋಗಬಾರದು. ಗಾಯಕ್ಕೆ ಪಟ್ಟಿ, ಹತ್ತಿ, ನಂಜುನಿರೋಧಕ, ಚಿಮುಟ, ಕತ್ತರಿ, ಜ್ವರದ ಮಾತ್ರೆ, ಮನೆಮಂದಿ ದಿನವೂ ತೆಗೆದುಕೊಳ್ಳುವ ಔಷಧ, ಓಆರ್‌ಎಸ್ ಪೊಟ್ಟಣ (ಭೇದಿಯಾದಾಗ ದೇಹ ಕಳೆದುಕೊಳ್ಳುವ ನೀರು, ಲವಣಗಳನ್ನು ತುಂಬಿಕೊಡುವ ಪುಡಿ), ಟಾರ್ಚ್, ಪವರ್ ಬ್ಯಾಂಕ್, ಸ್ವಲ್ಪ ಚಿಲ್ಲರೆ ಹಣ. ಸನ್‌ಸ್ಕ್ರೀನ್ ಕೂಡ ಇದರಲ್ಲೇ ಇರಲಿ. ಅದರ ಮೇಲಿನ ಎಸ್‌ಪಿಎಫ್ ಎಂಬ ಅಂಕಿ ಚರ್ಮ ಸುಡುವುದನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆ. 30 ಅಥವಾ ಹೆಚ್ಚು ಇರಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚದಿದ್ದರೆ ಬೆಳಿಗ್ಗೆ ಹಚ್ಚಿದ್ದು ಲೆಕ್ಕಕ್ಕಿಲ್ಲ.

ಖಾಲಿ ಚೀಲಗಳನ್ನೂ ಒಯ್ಯಬೇಕು: ಕಸಕ್ಕೆ ಎರಡು, ಒದ್ದೆ ಬಟ್ಟೆಗೆ ಒಂದು, ಜಿಡ್ಡು ತಟ್ಟೆಗೆ ಒಂದು.

ಕಟ್ಟಿ ಮುಗಿದ ಮೇಲೆ ರಾತ್ರಿಯೇ ಎಲ್ಲವನ್ನೂ ಹೊತ್ತುಕೊಂಡು ಮನೆಯ ಸುತ್ತ ಒಂದು ಸುತ್ತು ಬನ್ನಿ. ಪುಟ್ಟ ಮಕ್ಕಳ ಕೈ ಹಿಡಿಯಲು ಒಬ್ಬರ ಒಂದು ಕೈಯಾದರೂ ಖಾಲಿ ಇರಬೇಕು. ಇಲ್ಲದಿದ್ದರೆ ಸಾಮಾನು ಹೆಚ್ಚಾಗಿದೆ ಎಂದೇ ಅರ್ಥ; ಮಡಿಸುವ ಕುರ್ಚಿಗಳಿಂದ ಇಳಿಸಲು ಶುರುಮಾಡಿ, ವಯಸ್ಸಾದವರದೊಂದನ್ನು ಬಿಟ್ಟು.

ಹಂತ 6: ಹೊರಡುವ ಬೆಳಿಗ್ಗೆ

ಕೊನೆಗೆ ಬೇಕಾದದ್ದನ್ನು ಮೊದಲು ತುಂಬಿ. ಮೊದಲ ಚೀಲ ಎಲ್ಲಕ್ಕಿಂತ ಮೇಲೆ. ತಂಪು ಪೆಟ್ಟಿಗೆಯನ್ನು ಬಿಸಿಲು ಕಾಯುವ ಡಿಕ್ಕಿಯಲ್ಲಿಡುವ ಬದಲು ಜನ ಕೂರುವ ಕಡೆ ಇಡಿ. ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಉಳಿದವರಿಗೋ ನೆರೆಯವರಿಗೋ ಹೇಳಿ ಹೊರಡಿ.

ಹಂತ 7: ಅಲ್ಲಿ ತಲುಪಿದ ಮೇಲೆ

ಚಾಪೆ ಹಾಸುವ ಮೊದಲು ಮೇಲೆ ನೋಡಿ, ಕೆಳಗೆ ನೋಡಿ. ಮೇಲೆ ಒಣಗಿದ ಕೊಂಬೆ, ಜೇನುಗೂಡು ಇರಬಾರದು. ಕೆಳಗೆ ಇರುವೆ ಸಾಲು, ಬಿಲ, ಗಾಜಿನ ಚೂರು ಇರಬಾರದು. ಜೇನುಗೂಡಿನ ಹತ್ತಿರ ಹೊಗೆ ಎಬ್ಬಿಸುವುದು, ಕಲ್ಲೆಸೆಯುವುದು ಪ್ರಾಣಕ್ಕೇ ಕುತ್ತು ತರಬಹುದು. ಜೇನು ಎದ್ದರೆ ಮುಖ ಮುಚ್ಚಿಕೊಂಡು ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಓಡಿ. ನೀರಿಗೆ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ಚುಚ್ಚಿದ ಮುಳ್ಳನ್ನು ಆದಷ್ಟು ಬೇಗ ತೆಗೆಯಿರಿ. ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ನೀರಿರುವ ಜಾಗವಾದರೆ ಇನ್ನೂ ಎಚ್ಚರ ಬೇಕು. ಮುಳುಗುವ ಮಗು ಕೂಗಿ ಕರೆಯುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಸಾಮಾನ್ಯವಾಗಿ ಅದು ಸದ್ದಿಲ್ಲದೆ ಮುಳುಗುತ್ತದೆ. ಎಲ್ಲರೂ ಇದ್ದಾರೆಂದು ಯಾರೂ ನೋಡದಿರುವುದೇ ಕುಟುಂಬದ ಗುಂಪುಗಳ ದೊಡ್ಡ ದೋಷ. ಹೆಸರು ಹಿಡಿದು ಒಬ್ಬರಿಗೆ ಕಾವಲು ಒಪ್ಪಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಗಲಿ. ಕಾವಲಿನವರ ಕೈಯಲ್ಲಿ ಮೊಬೈಲ್ ಇರಬಾರದು. ಪುಟ್ಟ ಮಕ್ಕಳು ತೋಳಳತೆಯೊಳಗಿರಲಿ. ಗಾಳಿ ತುಂಬಿದ ಆಟಿಕೆ ಜೀವರಕ್ಷಕ ಜಾಕೆಟ್ಟಲ್ಲ. ಹೊಳೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೇಲುಭಾಗದಲ್ಲಿ ಮಳೆಯಾಗಿದೆ ಎಂದು ತಿಳಿದು ಎಲ್ಲರನ್ನೂ ದಡದ ಎತ್ತರಕ್ಕೆ ಕರೆತನ್ನಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಸರಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ. ಮರದಡಿ ನಿಲ್ಲದೆ ಕಟ್ಟಡ ಅಥವಾ ಮುಚ್ಚಿದ ವಾಹನ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ನಿದ್ದೆ ಹೋದ ಮಗುವನ್ನು ‘ಐದೇ ನಿಮಿಷ’ ಎಂದು ನಿಂತ ವಾಹನದೊಳಗೆ ಬಿಡಬೇಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರಬಲ್ಲದು. ಕಿಟಕಿ ಸ್ವಲ್ಪ ಇಳಿಸಿದ್ದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಹಂತ 8: ಎತ್ತಿಟ್ಟು ಹೊರಡುವುದು

ಎಲ್ಲರೂ ಉಂಡ ಕೂಡಲೇ ಉಳಿದದ್ದನ್ನು ಮತ್ತೆ ತಂಪು ಪೆಟ್ಟಿಗೆಗೆ ಸೇರಿಸಿ. ಐಸು ಇನ್ನೂ ಗಟ್ಟಿಯಿದ್ದರೆ ಮಾತ್ರ. ಎರಡು ಗಂಟೆ ಹೊರಗೆ ತೆರೆದಿದ್ದದ್ದನ್ನು ರಾತ್ರಿಯ ಊಟಕ್ಕೆ ಉಳಿಸುವ ಆಸೆ ಬಿಡಿ. ಕೋತಿಗೋ ಹಕ್ಕಿಗೋ ಹಾಕುವುದೂ ಬೇಡ. ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿಗಳು ಮುಂದೆ ಬರುವ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತವೆ.

ಬೆಂಕಿ ಹಚ್ಚಿದ್ದರೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಅಂಗೈಯನ್ನು ಬೂದಿಯ ಹತ್ತಿರ ಹಿಡಿದಾಗ ಶಾಖ ತಾಗಬಾರದು. ಮರಳು ಮುಚ್ಚಿದರೆ ಕೆಂಡ ಕಾಣುವುದಿಲ್ಲ ಅಷ್ಟೆ, ಗಂಟೆಗಟ್ಟಲೆ ಒಳಗೇ ಕಾಯುತ್ತಿರುತ್ತದೆ. ಬರಿಗಾಲಲ್ಲಿ ಓಡಿಬರುವ ಮಗುವಿಗೆ ಅದು ತಿಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಎಷ್ಟೇ ದಣಿವಾಗಿದ್ದರೂ ಎರಡು ಕೆಲಸ ಅಂದೇ ಆಗಬೇಕು. ಒದ್ದೆ ಬಟ್ಟೆಯ ಚೀಲ ಬಿಚ್ಚುವುದು ಒಂದು. ತಂಪು ಪೆಟ್ಟಿಗೆಯನ್ನು ಸೋಪುನೀರಿನಲ್ಲಿ ತೊಳೆದು, ಮುಚ್ಚಳ ತೆರೆದೇ ಇಟ್ಟು ಒಣಗಿಸುವುದು ಇನ್ನೊಂದು. ಒದ್ದೆಯಿದ್ದಾಗಲೇ ಮುಚ್ಚಿಟ್ಟ ಪೆಟ್ಟಿಗೆಯ ರಬ್ಬರಿನಲ್ಲಿ ಬೂಸ್ಟು ಹಿಡಿದರೆ ಆ ವಾಸನೆ ಸುಲಭಕ್ಕೆ ಹೋಗುವುದಿಲ್ಲ.